ಎಳ್ಳುಬೆಲ್ಲದ ಬಟ್ಟಲಿಗೆ ಎಷ್ಟು ವಯಸ್ಸು?

ಜನವರಿಯ ಮೊದಲ ವಾರ ಕಳೆಯುತ್ತಿದ್ದ ಹಾಗೆ ಬೆಂಗಳೂರಿನ ಗಾಂಧಿಬಜಾರಿನಲ್ಲಿ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಎಳ್ಳುಬೆಲ್ಲದ ವ್ಯಾಪಾರ ಅಂಗಡಿಯಿಂದ ರಸ್ತೆಗೇ ಇಳಿದುಬಿಡುತ್ತದೆ. ಕೆಲವರು ಬೆರೆಸಿ ಪೊಟ್ಟಣ ಕಟ್ಟಿಟ್ಟಿರುತ್ತಾರೆ. ಕೆಲವರು ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆಯನ್ನು ಬೇರೆಬೇರೆ ರಾಶಿ ಹಾಕಿ ತೂಗಿ ಕೊಡುತ್ತಾರೆ. ಈಚೆಗೆ ಇದರ ಬಗ್ಗೆ ಎರಡು ಮಾತು ಜೊತೆಜೊತೆಯಾಗಿ ಕೇಳಿಬರುತ್ತವೆ. ಇದು ಸಾವಿರಾರು ವರ್ಷಗಳ ಸಂಪ್ರದಾಯ ಎಂಬುದು ಒಂದು, ಇದಕ್ಕಿಂತ ಆರೋಗ್ಯಕರ ತಿನಿಸು ಬೇರೆ ಇಲ್ಲ ಎಂಬುದು ಇನ್ನೊಂದು. ಹೊಸ ವರ್ಷದಲ್ಲಿ ಬೇಕರಿ ತಿಂಡಿ ಬಿಡಬೇಕೆಂದು ಸಂಕಲ್ಪ ಮಾಡಿದವರಿಗೆ ಎರಡೂ ಹಿತವಾದ ಮಾತುಗಳೇ. ಎರಡನೆಯದು ಅರ್ಧ ನಿಜ. ಅದಕ್ಕೆ ಆಮೇಲೆ ಬರೋಣ. ಮೊದಲನೆಯದನ್ನು ಮಾತ್ರ ಹಾಗೇ ಒಪ್ಪಿಕೊಳ್ಳುವುದು ಕಷ್ಟ. ಎಳ್ಳುಬೆಲ್ಲದ ಐದು ಪದಾರ್ಥಗಳನ್ನು ಒಂದೊಂದಾಗಿ ತೆಗೆದು ಅವುಗಳ ಚರಿತ್ರೆ ನೋಡಿದರೆ, ಇಂದು ನಾವು ಬೀರುವ ಬಟ್ಟಲು ನೂರೈವತ್ತು ವರ್ಷಕ್ಕಿಂತ ಬಹಳ ಹಿಂದಿನದಾಗಿರಲಾರದು ಎಂದೇ ತೋರುತ್ತದೆ. ಹಳೆಯದಾಗಿ ಉಳಿದಿರುವುದು ಉತ್ತರಾಯಣದ ದಿನ, ಅಂದರೆ ಮಕರ ಸಂಕ್ರಾಂತಿಯಂದು, ಎಳ್ಳು ಕೊಡುವ ಪದ್ಧತಿ. ಆ ಕೊಡುವಿಕೆ ಕೂಡ ನಡುದಾರಿಯಲ್ಲಿ ತನ್ನ ಸ್ವಭಾವವನ್ನೇ ಬದಲಿಸಿಕೊಂಡಿದೆ.

ಈ ಚರಿತ್ರೆಗೆ ಮುಖ್ಯ ಸಾಕ್ಷಿ ಪದಾರ್ಥವೇ ಆದ್ದರಿಂದ ಮೊದಲು ಅದನ್ನು ಮಾಡುವ ಬಗೆ ನೋಡಬೇಕು. ಹಳೆ ಮೈಸೂರಿನ ಮನೆಗಳಲ್ಲಿ ಈ ಕೆಲಸ ಹಬ್ಬಕ್ಕೆ ಹದಿನೈದು ದಿನ ಮೊದಲೇ ಶುರುವಾಗುತ್ತಿತ್ತು. ಕೊಬ್ಬರಿ ಗಿಟುಕಿನ ಮೇಲಿನ ಕಂದು ಸಿಪ್ಪೆಯನ್ನು ತುರಿದು ತೆಗೆದು, ಬೆಳ್ಳಗಿನ ಭಾಗವನ್ನು ಸಣ್ಣ ಚೂರು ಮಾಡಿ, ಬಿಸಿಲಿಗೆ ಹಾಕಬೇಕು. ಗಟ್ಟಿ ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ, ಅದನ್ನೂ ಬಿಸಿಲಿಗಿಡಬೇಕು. ಬೆಲ್ಲ ನೀರೊಡೆದರೆ ಇಡೀ ಡಬ್ಬಿ ಮುದ್ದೆಯಾಗುತ್ತದೆ. ಕಡಲೆಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಎರಡು ಹೋಳಾಗಿ ಒಡೆದುಕೊಳ್ಳಬೇಕು. ಹುರಿಗಡಲೆಯನ್ನು ಬೆಚ್ಚಗೆ ಮಾಡಿದರೆ ಸಾಕು. ಬಿಳಿ ಎಳ್ಳನ್ನು ಕೊನೆಗೆ, ಅದು ಚಟಪಟ ಎನ್ನುವವರೆಗೆ ಮಾತ್ರ ಹುರಿಯಬೇಕು. ಬಣ್ಣ ತಿರುಗಿದರೆ ಕಹಿ. ಎಲ್ಲವೂ ಪೂರ್ತಿ ಆರಿದ ಮೇಲೆ ಬೆರೆಸುವುದು. ಎಳ್ಳು ಅರ್ಧ ಪಾವಾದರೆ ಉಳಿದ ನಾಲ್ಕೂ ಒಂದೊಂದು ಪಾವು ಎಂಬುದು ಒಂದು ಲೆಕ್ಕ. ಮನೆಮನೆಗೂ ಅಳತೆ ಬೇರೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಐದರಲ್ಲಿ ಯಾವುದೂ ಅಂದೇ ಹೊಲದಿಂದ ಬಂದದ್ದಲ್ಲ. ತಿಪಟೂರಿನ ಕಡೆ ಉಂಡೆ ಕೊಬ್ಬರಿಯಾಗಲು ತೆಂಗಿನಕಾಯಿ ಹೆಚ್ಚುಕಡಿಮೆ ವರ್ಷ ಅಟ್ಟದ ಮೇಲೆ ಒಣಗಬೇಕು. ದಕ್ಷಿಣ ಕರ್ನಾಟಕದ ಎಳ್ಳು ಹೆಚ್ಚಾಗಿ ಮುಂಗಾರಿಗೂ ಮೊದಲು ಬಿತ್ತಿ ಮಳೆಗಾಲದ ನಡುವೆ ಕೊಯ್ಯುವ ಬೆಳೆ. ಕಡಲೆಕಾಯಿ ಕಾರ್ತಿಕದ ಹೊತ್ತಿಗೆ ಬರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಹೊಸದಾಗಿರುವುದು ಆಲೆಮನೆಯ ಬೆಲ್ಲ ಒಂದೇ. ಸುಗ್ಗಿಯ ತಿನಿಸು ಎಂದು ನಾವು ಕರೆಯುವ ಇದು ನಿಜಕ್ಕೂ ಉಗ್ರಾಣದ ತಿನಿಸು, ಸಂತೆಯ ತಿನಿಸು.

ಐದರಲ್ಲಿ ಎಳ್ಳಿನ ವಯಸ್ಸಿನ ಬಗ್ಗೆ ಜಗಳವಿಲ್ಲ. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಿಕಾದ ಎಳ್ಳಿನ ಗುಡ್ಡೆ ಸಿಕ್ಕಿದೆ. ಅದು ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ಎಳ್ಳಿನ ಕಾಡು ಪೂರ್ವಜ ಪಶ್ಚಿಮ ಕರಾವಳಿಯಲ್ಲಿ ಇಂದಿಗೂ ಬೆಳೆಯುತ್ತದೆ. ಧರ್ಮಶಾಸ್ತ್ರದ ನಿಬಂಧಕಾರರು ಪಾಪ ಕಳೆಯಲು ಎಳ್ಳನ್ನು ಆರು ಬಗೆಯಲ್ಲಿ ಬಳಸಬೇಕೆಂದು ವಿಧಿಸಿ, ಅದನ್ನು ಮಕರ ಸಂಕ್ರಾಂತಿಗೂ ಅನ್ವಯಿಸಿದರು: ಎಳ್ಳಿನ ನೀರಿನಲ್ಲಿ ಸ್ನಾನ, ಮೈಗೆ ಎಳ್ಳು ಹಚ್ಚುವುದು, ಎಳ್ಳಿನ ಹೋಮ, ಎಳ್ಳು ಬೆರೆತ ನೀರಿನ ತರ್ಪಣ, ಎಳ್ಳು ತಿನ್ನುವುದು, ಎಳ್ಳು ದಾನ ಮಾಡುವುದು. ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಸಂಕ್ರಾಂತಿಯ ದಿನ ಎಳ್ಳು ಅರೆದು ಮೈಗೆ ಹಚ್ಚಿ ನೀರೆರೆದುಕೊಳ್ಳುವ ರೂಢಿ ಇಂದಿಗೂ ಇದೆ. ಪುರಾಣಗಳು ಇನ್ನೂ ಮುಂದೆ ಹೋಗಿ ಎಳ್ಳಿನಿಂದ ಹಸುವಿನ ಆಕಾರ ಮಾಡಿ ದಾನ ಕೊಡುವ ತಿಲಧೇನುವನ್ನು, ಬೆಲ್ಲದ ಗುಡಧೇನುವನ್ನು, ಸಕ್ಕರೆಯ ಶರ್ಕರಾಧೇನುವನ್ನು ವರ್ಣಿಸುತ್ತವೆ. ಇಂದು ಎಳ್ಳುಬೆಲ್ಲದ ಜೊತೆ ಕೊಡುವ ಸಕ್ಕರೆ ಅಚ್ಚಿನ ಹಸು-ಬಸವಗಳು ನೇರವಾಗಿ ಅಲ್ಲಿಂದಲೇ ಇಳಿದು ಬಂದವು ಎಂದು ಹೇಳುವ ಆಸೆ ಯಾರಿಗಾದರೂ ಆಗುತ್ತದೆ. ನಡುವೆ ಕೊಂಡಿ ಇಲ್ಲದಿರುವಾಗ ಆ ಆಸೆಯನ್ನು ತಡೆದುಕೊಳ್ಳುವುದು ಒಳ್ಳೆಯದು. ಇಷ್ಟನ್ನಂತೂ ಹೇಳಬಹುದು: ಎಳ್ಳು, ಬೆಲ್ಲ, ಸಕ್ಕರೆ ಮೂರೂ ದಾನದ ವಸ್ತುಗಳಾಗಿ ಬಹಳ ಹಿಂದೆಯೇ ಒಂದೇ ಸಾಲಿನಲ್ಲಿ ಕೂತಿದ್ದವು.

ದಾನದ ದಿನ ಯಾವುದು ಎಂಬುದಕ್ಕೆ ಸಾಕ್ಷಿ ಕಲ್ಲಿನಲ್ಲೇ ಇದೆ. ಕಲ್ಯಾಣದ ಚಾಲುಕ್ಯರ, ಹೊಯ್ಸಳರ, ಸೇವುಣರ ಕಾಲದ ದಾನಶಾಸನಗಳನ್ನು ತೆರೆದರೆ ಉತ್ತರಾಯಣ ಸಂಕ್ರಾಂತಿಯಂದು ಭೂಮಿ ಬಿಟ್ಟ, ತೆರಿಗೆ ಬಿಟ್ಟ, ದೀಪಕ್ಕೆ ಎಣ್ಣೆ ಬಿಟ್ಟ ದಾಖಲೆಗಳು ಪುಟಪುಟಕ್ಕೂ ಸಿಗುತ್ತವೆ. ಆ ತಿಥಿಗಳನ್ನು ಫ್ಲೀಟ್, ಕೀಲ್‌ಹಾರ್ನ್ ಮುಂತಾದ ವಿದ್ವಾಂಸರು ಯುರೋಪಿನ ಕ್ಯಾಲೆಂಡರಿಗೆ ಹೊಂದಿಸಿ ನೋಡಿದಾಗ 11-12ನೆಯ ಶತಮಾನದ ಸಂಕ್ರಾಂತಿ ಡಿಸೆಂಬರ್ 24 ಅಥವಾ 25ಕ್ಕೆ ಬಂತು. ಅದು ಅಂದಿನ ಜೂಲಿಯನ್ ಲೆಕ್ಕ. ಈಗಿನ ಗ್ರೆಗೋರಿಯನ್ ಲೆಕ್ಕಕ್ಕೆ ತಿರುಗಿಸಿದರೆ ಜನವರಿ 1ರ ಆಸುಪಾಸು. ಪಂಚಾಂಗದ ಸೌರ ವರ್ಷ ನಕ್ಷತ್ರಗಳನ್ನು ಹಿಡಿದು ನಡೆಯುವುದರಿಂದ, ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಆದ್ದರಿಂದಲೇ ಸಂಕ್ರಾಂತಿ ಸುಮಾರು 70 ವರ್ಷಕ್ಕೊಂದು ದಿನದಂತೆ ಮುಂದೆ ಸರಿಯುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವೇ ಆಗಿತ್ತು. ಈಗ ಅದು 14ಕ್ಕೆ, ಕೆಲವು ವರ್ಷ 15ಕ್ಕೆ ಬರುತ್ತದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವ ದಿನವೂ ಸಂಕ್ರಾಂತಿಯೂ ಒಂದೇ ಆಗಿದ್ದುದು ಸುಮಾರು 1,700 ವರ್ಷದ ಹಿಂದೆ. ಹಬ್ಬ ಸೂರ್ಯನಿಂದಲೇ ಬೇರೆಯಾಗಿ ಮೂರು ವಾರ ಮುಂದೆ ಬಂದಿದ್ದರೂ ಯಾರೂ ಅದನ್ನು ಹೊಸ ಹಬ್ಬ ಎಂದಿಲ್ಲ. ಕನ್ನಡಿಗರ ವರ್ಷಾರಂಭ ಯುಗಾದಿಯೇ, ಬೇವುಬೆಲ್ಲವೇ. ಆದರೂ ವರ್ಷ ತಿರುಗಿತು ಎಂಬ ಭಾವನೆ ಈ ದಿನಕ್ಕೆ ಅಂಟಿಕೊಂಡದ್ದು ಇಂಗ್ಲಿಷ್ ಕ್ಯಾಲೆಂಡರಿನಿಂದ ಮಾತ್ರ ಅಲ್ಲ ಎಂಬುದನ್ನು ಈ ಶಾಸನಗಳು ತೋರಿಸುತ್ತವೆ.

ಈಗ ತೊಡಕಿನ ಪದಾರ್ಥಕ್ಕೆ ಬರೋಣ. ಕಡಲೆಕಾಯಿ ದಕ್ಷಿಣ ಅಮೆರಿಕದ್ದು. ಬೊಲಿವಿಯಾ ಮತ್ತು ಉತ್ತರ ಅರ್ಜೆಂಟೀನಾದ ಸೀಮೆಯಲ್ಲಿ ಮೊದಲು ಕೃಷಿಗೆ ಬಂದ ಬೆಳೆ. ಯುರೋಪಿನ ಹಡಗುಗಳು ಅಟ್ಲಾಂಟಿಕ್ ದಾಟಿದ ಮೇಲೆಯೇ ಅದು ಹೊರಗಿನ ಪ್ರಪಂಚಕ್ಕೆ ಬಂದದ್ದು. ಚಾವುಂಡರಾಯನ ಲೋಕೋಪಕಾರದಲ್ಲಿ, ಕಲ್ಯಾಣದ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, 16ನೆಯ ಶತಮಾನದ ಆರಂಭದ ಮಂಗರಸನ ಸೂಪಶಾಸ್ತ್ರದಲ್ಲಿ ಅಡುಗೆಯ ವಿಚಾರ ಎಷ್ಟು ವಿಸ್ತಾರವಾಗಿದ್ದರೂ ಅಲ್ಲಿ ಕಡಲೆಬೀಜ ಇರುವ ಸಾಧ್ಯತೆ ಇಲ್ಲ. ಮೆಣಸಿನಕಾಯಿ, ಆಲೂಗಡ್ಡೆ ಇಲ್ಲದಿರುವುದಕ್ಕೂ ಅದೇ ಕಾರಣ. ಬಂದ ಮೇಲೂ ಅದು ಬಹುಕಾಲ ಹಿತ್ತಲಿನ ಬೆಳೆಯಾಗಿಯೇ ಇತ್ತು. ತಮಿಳು ಸೀಮೆಯಲ್ಲಿ ಅದು ಎಕರೆಗಟ್ಟಲೆ ಹಬ್ಬಿದ್ದು 19ನೆಯ ಶತಮಾನದ ಎರಡನೆಯ ಅರ್ಧದಲ್ಲಿ. ಫ್ರಾನ್ಸಿನ ಮಾರ್ಸೇಲ್ ಬಂದರಿನ ಸಾಬೂನು ಮತ್ತು ಎಣ್ಣೆ ಕಾರ್ಖಾನೆಗಳಿಗೆ ಪುದುಚೇರಿಯ ಮೂಲಕ ಹಡಗು ಹಡಗು ಬೀಜ ಹೋಗುತ್ತಿತ್ತು. ಅಲ್ಲಿಂದ ಮೈಸೂರು ಸೀಮೆಗೆ ದಾರಿ ಹತ್ತಿರ; 1864ರಲ್ಲಿ ಬೆಂಗಳೂರಿಗೆ ಜೋಲಾರಪೇಟೆಯಿಂದ ರೈಲು ಬಂದ ಮೇಲಂತೂ ಇನ್ನೂ ಹತ್ತಿರ. 1880ರ ದಶಕದಲ್ಲಿ ಹಳಿ ತುಮಕೂರು, ತಿಪಟೂರಿನ ಕಡೆಗೂ ಸಾಗಿತು. ಬೇರೆಬೇರೆ ಸೀಮೆಯ ಐದು ಒಣ ಸರಕು ಒಂದೇ ಪೇಟೆಯಲ್ಲಿ, ಸಾಧಾರಣ ಮನೆಯವರಿಗೆ ಎಟಕುವ ಬೆಲೆಯಲ್ಲಿ ಸಿಗುವುದು ಇಂಥ ದಾರಿಗಳಾದ ಮೇಲಿನ ಮಾತು. ಇಂದಿನ ಬಟ್ಟಲಿನಲ್ಲಿ ಎಳ್ಳಿಗಿಂತ ಕಡಲೆಬೀಜವೇ ಹೆಚ್ಚು ಕಾಣುತ್ತದೆ. ತಿನಿಸಿಗೆ ಹೆಸರು ಕೊಟ್ಟ ಎಳ್ಳು ಡಬ್ಬಿಯ ತಳ ಸೇರಿರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಸವನಗುಡಿಯದು. ಕೆಂಪೇಗೌಡರ ಕಾಲದಲ್ಲಿ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರ ಕಡಲೆಕಾಯಿ ಹೊಲಕ್ಕೆ ಬಸವ ನುಗ್ಗುತ್ತಿದ್ದ, ಅವನನ್ನು ಸಮಾಧಾನ ಮಾಡಲು ಗುಡಿ ಕಟ್ಟಿ ಪರಿಷೆ ನಡೆಸಿದರು ಎಂಬ ಕಥೆ ಬೆಂಗಳೂರಿಗರಿಗೆಲ್ಲ ಗೊತ್ತು. ಬೆಂಗಳೂರು ಹುಟ್ಟಿದ್ದು 1537ರಲ್ಲಿ ಎನ್ನುತ್ತಾರೆ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಆ ಇಪ್ಪತ್ತೇಳು ವರ್ಷದಲ್ಲಿ ಬ್ರೆಜಿಲ್ಲಿನ ಬೀಜ ಗೋವಾ ಮುಟ್ಟಿ, ಘಟ್ಟ ಹತ್ತಿ, ಮೂರು ನಾಲ್ಕು ಊರಿನ ಮುಖ್ಯ ಬೆಳೆಯಾಗಿತ್ತು ಎಂದು ನಂಬಲು ಕಥೆಯ ಹೊರಗೆ ಒಂದಾದರೂ ಆಧಾರ ಬೇಕು. ಕಥೆ ಸುಳ್ಳು ಎನ್ನಬೇಕಾಗಿಲ್ಲ. ಹೊಲಕ್ಕೆ ನುಗ್ಗಿದ ಬಸವ, ಮೊದಲ ಫಸಲು ಒಪ್ಪಿಸಿದ ರೈತ, ಇವರು ಹಳಬರೇ ಇರಬಹುದು. ಆಮೇಲಿನ ಪೀಳಿಗೆ ತನ್ನ ಕಾಲದ ಬೆಳೆಯನ್ನು ಆ ಹೊಲದಲ್ಲಿ ಬೆಳೆಸಿಕೊಂಡಿತು. ಜನರ ನೆನಪು ಸಾಮಾನ್ಯವಾಗಿ ಹೀಗೇ ಕೆಲಸ ಮಾಡುತ್ತದೆ. ಇನ್ನು ಕೆಲವರು ಸೋಮನಾಥಪುರದ ಕಡೆ ಬೆರಳು ತೋರಿಸುತ್ತಾರೆ. 13ನೆಯ ಶತಮಾನದ ಆ ಹೊಯ್ಸಳ ಗುಡಿಯ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ, ಆದ್ದರಿಂದ ಅಮೆರಿಕದ ಬೆಳೆಗಳು ಕೊಲಂಬಸನಿಗೂ ಮೊದಲೇ ಇಲ್ಲಿದ್ದವು ಎಂದು 1989ರಲ್ಲಿ ಅಮೆರಿಕದ ಕಾರ್ಲ್ ಯೋಹಾನೆಸನ್ ವಾದಿಸಿದ್ದರು. ಭಾರತದ ಮೆಕ್ಕೆಜೋಳ ತಜ್ಞರೇ ಅದನ್ನು ತಳ್ಳಿಹಾಕಿದರು. ಅದು ಮುತ್ತು ಪೋಣಿಸಿದ ಕಾಲ್ಪನಿಕ ಫಲ ಎಂಬುದು ಅವರ ನಿಲುವು. ಕಲ್ಲಿನ ಕೆತ್ತನೆ ನೋಡಿ ಬೆಳೆಯ ಹೆಸರು ಹೇಳುವುದಕ್ಕಿಂತ ಮಣ್ಣಿನಲ್ಲಿ ಸಿಕ್ಕ ಒಂದು ಕರಿಕಾದ ಕಾಳು ಹೆಚ್ಚು ನಂಬಿಕೆಗೆ ಅರ್ಹ.

ಸಕ್ಕರೆ ಅಚ್ಚಿನ ಕಥೆಯೂ ಇದೇ ದಿಕ್ಕಿನಲ್ಲಿದೆ. ಸಕ್ಕರೆಯೇನೋ ಈ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಕಾಕಂಬಿಯಿಂದ ಶರ್ಕರೆಯವರೆಗೆ ಕಬ್ಬಿನ ಹಲವು ರೂಪಗಳನ್ನು ಎಣಿಸುತ್ತದೆ. ಆದರೆ ಅಚ್ಚಿಗೆ ಬೇಕಾದದ್ದು ಹಾಲಿನಂಥ ಬಿಳಿ ಸಕ್ಕರೆ. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಸರಿಯಾದ ಹದಕ್ಕೆ ಬಂದೊಡನೆ ಬಿರುಸಾಗಿ ತಿರುವಿ, ನೀರಿನಲ್ಲಿ ನೆನೆಸಿ ಕಟ್ಟಿಟ್ಟ ಮರದ ಅಚ್ಚಿಗೆ ಹೊಯ್ಯಬೇಕು. ಒಂದು ಗಳಿಗೆ ತಡವಾದರೆ ಪಾಕ ಪಾತ್ರೆಯಲ್ಲೇ ಗಟ್ಟಿ. ಆನೆಯ ಸೊಂಡಿಲು, ಗಿಳಿಯ ಕೊಕ್ಕು, ತುಳಸಿಕಟ್ಟೆಯ ಮೂಲೆ ಮುರಿಯದೆ ಬಿಡಿಸುವುದರಲ್ಲಿ ಇದೆ ಜಾಣ್ಮೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕಬಳ್ಳಾಪುರದಲ್ಲಿ ಚೀನದ ಸರಕಿಗೆ ಸಾಟಿಯಾದ ಕಲ್ಲುಸಕ್ಕರೆ, ಬಿಳಿ ಸಕ್ಕರೆ ತಯಾರಾಗುವುದನ್ನು ಬರೆದಿದ್ದಾನೆ. ಆ ವಿದ್ಯೆ ಶ್ರೀರಂಗಪಟ್ಟಣಕ್ಕೆ ಬಂದದ್ದು ಟಿಪ್ಪುವಿನ ಕಾಲದಲ್ಲಿ, ಗುಟ್ಟಾಗಿಟ್ಟಿದ್ದ ಕಸುಬು, ಬೆಲೆ ವಿಪರೀತ. ಅರಮನೆಗೆ, ದೊಡ್ಡ ಸಾಹುಕಾರರಿಗೆ ಸಲ್ಲುವ ಸರಕು ಅದು. 1847ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ ರೈತರ ಬೆಲ್ಲವನ್ನು ಸಕ್ಕರೆ ಮಾಡುವ ಅಷ್ಟಗ್ರಾಮ ಕಾರ್ಖಾನೆ ಬಂತು. ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯಕ್ಕೆ ಹರಿದ ಮೇಲೆ, ಸಕ್ಕರೆಗೆ ಸಂರಕ್ಷಣಾ ಸುಂಕ ಬಿದ್ದ 1932ರ ಮರುವರ್ಷವೇ, ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಸಾಧಾರಣ ಮನೆಯ ತಟ್ಟೆಗೆ ಬಿಳಿ ಬಸವ, ಬಿಳಿ ಗೋಪುರ ಸಾಲುಸಾಲಾಗಿ ಬರಬೇಕಾದರೆ ಈ ಗಿರಣಿ ಸಕ್ಕರೆ ಬೇಕೇ ಬೇಕಿತ್ತು ಎಂಬುದು ನನ್ನ ಊಹೆ. ಅದಕ್ಕೆ ಮೊದಲು ಅಚ್ಚು ಇದ್ದಿರಬಹುದು, ಬೀದಿಯ ಮನೆಮನೆಗೂ ಹಂಚುವಷ್ಟು ಇದ್ದಿರಲಾರದು.

ಪದಾರ್ಥಗಳಿಗಿಂತ ದೊಡ್ಡ ಬದಲಾವಣೆ ಕೊಡುವವರು ಮತ್ತು ಪಡೆಯುವವರ ನಡುವೆ ಆಗಿದೆ. ಶಾಸನದ ಸಂಕ್ರಾಂತಿಯಲ್ಲಿ ಕೊಡುವವನು ರಾಜ, ದಂಡನಾಯಕ, ಗಾವುಂಡ. ಪಡೆಯುವುದು ದೇವಸ್ಥಾನ, ಮಠ, ಬ್ರಾಹ್ಮಣ. ಕೊಟ್ಟದ್ದು ಹಿಂದಕ್ಕೆ ಬರುವುದಿಲ್ಲ, ಬರಬಾರದು ಕೂಡ. ಎಳ್ಳಿನ ದಾನದಲ್ಲಂತೂ ಕೊಟ್ಟವನ ಪಾಪ ತೆಗೆದುಕೊಂಡವನಿಗೆ ಹತ್ತುತ್ತದೆ ಎಂಬ ಭಯವಿತ್ತು. ಪಿತೃಕಾರ್ಯಕ್ಕೂ ಶನಿಗೂ ಸಂಬಂಧಪಟ್ಟ ಈ ಕಾಳನ್ನು ಬೇರೆಯವರ ಕೈಯಿಂದ ನೇರವಾಗಿ ಪಡೆಯಲು ಇವತ್ತಿಗೂ ಅಳುಕುವವರಿದ್ದಾರೆ. ಎಳ್ಳು ಬೀರುವುದರಲ್ಲಿ ಇದೆಲ್ಲ ತಿರುವುಮುರುವು. ಕೊಡುವವರೂ ಪಡೆಯುವವರೂ ಹೆಂಗಸರು, ಹೆಣ್ಣುಮಕ್ಕಳು, ಅಕ್ಕಪಕ್ಕದ ಸಮಾನರು. ರೇಷ್ಮೆ ಲಂಗ ಉಟ್ಟ ಹುಡುಗಿ ತಟ್ಟೆಯಲ್ಲಿ ಎಳ್ಳುಬೆಲ್ಲ, ಕಬ್ಬಿನ ತುಂಡು, ಬಾಳೆಹಣ್ಣು, ಸಕ್ಕರೆ ಅಚ್ಚು ಹಿಡಿದು ಹೋದರೆ ಆ ತಟ್ಟೆ ಬರಿದಾಗಿ ಮರಳುವುದಿಲ್ಲ. ತಿಂದು ಒಳ್ಳೆ ಮಾತಾಡಿ ಎಂಬ ಕೋರಿಕೆಯೂ ಸಮಾನರ ನಡುವೆಯೇ ಸಲ್ಲುವಂಥದು. ಭಯ ಹುಟ್ಟಿಸುತ್ತಿದ್ದ ಕಾಳಿಗೆ ಬೆಲ್ಲ, ಕೊಬ್ಬರಿ, ಕಡಲೆ ಸೇರಿಸಿ ತಿನಿಸಾಗಿಸಿದ್ದರಿಂದಲೇ ಅದನ್ನು ಸಲೀಸಾಗಿ ಕೈಯಿಂದ ಕೈಗೆ ದಾಟಿಸಲು ಆಯಿತು ಎಂದು ನಾನು ತಿಳಿಯುತ್ತೇನೆ. ಈ ಬದಲಾವಣೆಯನ್ನು ಯಾವ ಶಾಸನವೂ ದಾಖಲಿಸಿಲ್ಲ, ಏಕೆಂದರೆ ಅದನ್ನು ಮಾಡಿದವರು ಶಾಸನ ಹಾಕಿಸುವ ಜನವಾಗಿರಲಿಲ್ಲ. ಎಲ್ಲ ಕಡೆ ಅದು ಒಂದೇ ರೀತಿ ಆಗಲೂ ಇಲ್ಲ. ಧಾರವಾಡ, ವಿಜಯಪುರದ ಕಡೆ ಎಳ್ಳಿನ ಸುತ್ತ ಸಕ್ಕರೆ ಪಾಕ ಕಟ್ಟಿದ ಕುಸುರೆಳ್ಳನ್ನು ಹಂಚುತ್ತಾರೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟುತ್ತಾರೆ. ಅಲ್ಲಿ ಮಹಾರಾಷ್ಟ್ರದ ತಿಳಗುಳದ ನೆರಳಿದೆ. ತುಳುನಾಡಿನಲ್ಲಿ ಎಳ್ಳು ಬೀರುವ ರೂಢಿ ಬೇರೂರಲೇ ಇಲ್ಲ. ಇಡೀ ಕರ್ನಾಟಕದ ಅನಾದಿ ಪದ್ಧತಿ ಎಂದು ಹೇಳುವವರು ಮಂಗಳೂರಿನಲ್ಲಿ ಒಮ್ಮೆ ವಿಚಾರಿಸಬೇಕು.

ಎರಡನೆಯ ಆಕ್ಷೇಪ ಆರೋಗ್ಯದ್ದು. ಪದಾರ್ಥ ಯಾವಾಗಲಾದರೂ ಬಂದಿರಲಿ, ಚಳಿಗಾಲದ ಒಣ ಮೈಗೆ ಎಣ್ಣೆಯಂಶ ಬೇಕೆಂದು ಹಿರಿಯರು ಯೋಚಿಸಿಯೇ ಈ ಮಿಶ್ರಣ ಮಾಡಿದ್ದಾರೆ ಎನ್ನುತ್ತಾರೆ. ಪೌಷ್ಟಿಕತೆಯ ಲೆಕ್ಕ ತಪ್ಪಲ್ಲ. ಎಳ್ಳಿನ ತೂಕದಲ್ಲಿ ಅರ್ಧದಷ್ಟು ಎಣ್ಣೆ. ಅದರ ಪ್ರೋಟೀನಿನಲ್ಲಿ ಮೆಥಿಯೊನಿನ್ ಹೆಚ್ಚು, ಲೈಸಿನ್ ಕಡಿಮೆ. ಕಡಲೆಯಲ್ಲಿ ಇದು ತಿರುಗುಮುರುಗು, ಹಾಗಾಗಿ ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದರೆ ಇದೇ ಉದ್ದೇಶವಾಗಿದ್ದರೆ ಅದರ ಪಕ್ಕದಲ್ಲೇ ಶುದ್ಧ ಸಕ್ಕರೆಯ ಆನೆಯನ್ನು ಏಕೆ ಇಟ್ಟರು? ಕ್ಯಾಲ್ಷಿಯಂ ಬಹುಪಾಲು ಎಳ್ಳಿನ ಸಿಪ್ಪೆಯಲ್ಲಿದೆ. ನೋಟಕ್ಕೆ ಚೆಂದವೆಂದು ಸಿಪ್ಪೆ ತೆಗೆದ ಬಿಳಿ ಎಳ್ಳನ್ನು ಹಾಕಿದರೆ ಆ ಲಾಭ ಹೋಯಿತು. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇದ್ದರೂ ಅದು ಮುಖ್ಯವಾಗಿ ಸಕ್ಕರೆಯೇ. ಮಧುಮೇಹಿಗಳಿಗೆ ಅದರಿಂದ ವಿನಾಯಿತಿ ಇಲ್ಲ. ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಎಳ್ಳುಬೆಲ್ಲ 150 ಕ್ಯಾಲೊರಿಯ ಹತ್ತಿರ ಹೋಗುತ್ತದೆ. ಸಂಜೆ ಬಿಸ್ಕತ್ತಿನ ಬದಲು ಅಷ್ಟು ತಿಂದರೆ ಒಳ್ಳೆಯದೇ, ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕೂತರೆ ಅಲ್ಲ. ಬೆಲ್ಲ, ಕೊಬ್ಬರಿ ಅರ್ಧಕ್ಕಿಳಿಸಿ, ಸಿಪ್ಪೆ ಇರುವ ಎಳ್ಳನ್ನೂ ಹುರಿಗಡಲೆಯನ್ನೂ ಹೆಚ್ಚಿಸಿದರೆ ವರ್ಷವಿಡೀ ತಿನ್ನಬಹುದಾದ ತಿನಿಸಾಗುತ್ತದೆ. ಹೀಗೆ ಮಾಡುವುದು ಸಂಪ್ರದಾಯಕ್ಕೆ ವಿರುದ್ಧ ಎನ್ನುವವರಿಗೆ ಕಡಲೆಬೀಜದ ಚರಿತ್ರೆಯೇ ಉತ್ತರ.

ಹಾಗಾದರೆ ಇದನ್ನು ಸಂಪ್ರದಾಯ ಎನ್ನಲೇಬಾರದೇ ಎಂದು ಕೇಳಬಹುದು. ಧಾರಾಳವಾಗಿ ಎನ್ನಬಹುದು. ಹೊಸ ಬೆಳೆಯನ್ನು, ಹೊಸ ಸಕ್ಕರೆಯನ್ನು, ಹೊಸ ತಾರೀಖನ್ನು ಒಳಗೆ ಬಿಟ್ಟುಕೊಂಡೂ ಕೊಡುವ ಕ್ರಮವನ್ನು ಬಿಡದಿದ್ದದ್ದೇ ಇದು ಉಳಿದ ಬಗೆ. ಕರ್ನಾಟಕದ ಹೊರಗಿನ ಕನ್ನಡ ಸಂಘಗಳಲ್ಲಿ ಸಂಕ್ರಾಂತಿಯನ್ನು ಅನುಕೂಲದ ಶನಿವಾರಕ್ಕೆ ಸರಿಸಿ, ಸಭಾಂಗಣದ ಬಾಗಿಲಲ್ಲಿ ಪೊಟ್ಟಣ ಹಂಚುವುದೂ ಈ ಚರಿತ್ರೆಯ ಮುಂದಿನ ಭಾಗವೇ. ನನ್ನ ತಕರಾರು ಇರುವುದು ಪೊಟ್ಟಣದ ಜೊತೆ ಮಾರಾಟವಾಗುವ ಸಾವಿರಾರು ವರ್ಷದ ಮಾತಿನ ಬಗ್ಗೆ ಮಾತ್ರ. ಅದು ಈ ಬಟ್ಟಲನ್ನು ನಿಜವಾಗಿ ರೂಪಿಸಿದ ಹೆಂಗಸರ, ಗಾಣದವರ, ರೈಲಿನ, ಸಂತೆಯ ಪಾತ್ರವನ್ನು ಅಳಿಸಿ, ಹೆಸರಿಲ್ಲದ ಋಷಿಯೊಬ್ಬನಿಗೆ ಎಲ್ಲವನ್ನೂ ಬರೆದುಕೊಡುತ್ತದೆ. ಮಿಶ್ರಣಕ್ಕೆ ಕಡಲೆಬೀಜ ಯಾವ ದಶಕದಲ್ಲಿ ಸೇರಿತು, ಸಕ್ಕರೆ ಅಚ್ಚಿನ ಮರದ ಅಚ್ಚುಗಳನ್ನು ಯಾವ ಊರಿನ ಬಡಗಿಗಳು ಕೊರೆಯುತ್ತಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದದ್ದು ಗ್ರಂಥಗಳಲ್ಲಲ್ಲ, ಮನೆಗಳಲ್ಲಿ. ಅಟ್ಟದ ಮೇಲೆ ಅಜ್ಜಿಯ ಕಾಲದ ಅಚ್ಚಿನ ಮರ ಇದ್ದರೆ, ಹಬ್ಬದ ದಿನಸಿ ಬರೆದಿಟ್ಟ ಹಳೆಯ ಲೆಕ್ಕದ ಪುಸ್ತಕವೋ ಅಂಗಡಿಯ ಚೀಟಿಯೋ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಯಾರದು, ಯಾವ ಊರು, ಯಾವ ಇಸವಿ ಎಂದು ಅದರ ಮೇಲೆ ಬರೆದಿಡಿ.